ಮುರ್ತುಜಸಾಬನ ಅಪ್ಪಂಡೀಸ

ಕಮತಗಿಯ ಪಿಂಜಾರ ಮುರ್ತುಜಸಾಬ ಹೆಂಡತಿಯ ತಮ್ಮನ ಮದುವೆಗೆಂದು ಸೊಲ್ಲಾಪುರಕ್ಕೆ ಹೋದವನು, ತನ್ನ ಹೊಟ್ಟೆಯೊಳಗಿನ ಒಂದು ಸಾಮಾನನ್ನು ಶೀಶೆಯಲ್ಲಿ ಹಾಕಿಕೊಂಡು ಊರಿಗೆ ತಿರುಗಿ ಬಂದ. ಇದು ಸಾವಿರದ ಒಂಬೈನೂರ ಮೂರನೆಯ ಇಸವಿಯ ಮಾತು. ಪ್ಲೇಗು ಒಂದು ವರ್ಷ ಈ ಊರಲ್ಲಿ, ಒಂದು ವರ್ಷ ಆ ಊರಲ್ಲಿ ಎಂದು ತಿರುಗಾಡುತ್ತಿದ್ದ ಕಾಲ.

ಮುರ್ತುಜಸಾಬನಿಗೆ ಆಗ ನಲವತ್ತೈದು ವರ್ಷ. ಅರಳೆ ಹಿಂಜುವುದರಲ್ಲಿ ಹುನಗುಂದ ತಾಲೂಕಿನಲ್ಲೇ ಅವನ ಕೈಗೆ ಸಮನಾದ ಕೈ ಇರಲಿಲ್ಲ. ತಲೆಯ ವಿಷಯ ಬೇರೆ. ಅದರಲ್ಲಿ ಒಂದು ಸಲಕ್ಕೆ ಒಂದೇ ಮಾತು ಹಿಡಿಯುತ್ತಿತ್ತು. ದೇಸಾಯರ ಮನೆಯವರು ಎರಡು ತಲೆದಿಂಬು, ಒಂದು ಗಾದಿ ಮಾಡಿಕೊಡು ಎಂದರೆ, ಒಂದು ತಲೆದಿಂಬು, ಎರಡು ಗಾದಿ ಮಾಡಿ ಹೊತ್ತುಕೊಂಡು ಹೋಗಿ, "ಇಬ್ಬರು ಒಂದ ದಿಂಬಿನ ಮ್ಯಾಲೆ ಮಲಗಬಹುದ್ರಿ, ಒಂದ ಗಾದಿ ಮ್ಯಾಲೆ ಜಗಳ ಬರ್ತಾವ" ಎಂದು ವಾದಿಸಿ ಬಂದವನು ಅವನು.

ಮದುವೆಯ ಮರುದಿನ ಬೆಳಿಗ್ಗೆ ಸೊಲ್ಲಾಪುರದಲ್ಲಿ ಅವನ ಹೊಕ್ಕಳ ಸುತ್ತ ನೋವು ಶುರುವಾಯಿತು. ಎಲ್ಲರೂ ಮದುವೆಯ ಊಟವನ್ನೇ ಬೈದರು. ಒಬ್ಬರು ಅಜವಾನದ ನೀರು ಕುಡಿಸಿದರು, ಇನ್ನೊಬ್ಬರು ಇಟ್ಟಂಗಿ ಕಾಯಿಸಿ ಹೊಟ್ಟೆಯ ಮೇಲಿಟ್ಟರು. ಮಧ್ಯಾಹ್ನಕ್ಕೆ ನೋವು ಹೊಕ್ಕಳ ಬಿಟ್ಟು ಬಲಕ್ಕೆ ಕೆಳಗಿಳಿಯಿತು. ಜ್ವರ ಬಂತು, ವಾಂತಿಯಾಯಿತು, ಮುರ್ತುಜಸಾಬ ನೆಟ್ಟಗೆ ನಿಲ್ಲಲಾರದೆ ಕುಡುಗೋಲಿನ ಹಾಗೆ ಬಾಗಿದ. ಮದುಮಗನೇ ಅವನನ್ನು ಟಾಂಗಾದಲ್ಲಿ ಹಾಕಿಕೊಂಡು ಒಂದು ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿಯ ಗೋರಾ ಡಾಕ್ಟರು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಒಮ್ಮೆಲೆ ಕೈ ಬಿಟ್ಟರು. ಮುರ್ತುಜಸಾಬನ ಕೂಗು ಬೀದಿಗೆ ಕೇಳಿಸಿತು. ಆ ಸಂಜೆಯೇ ಕ್ಲೋರೊಫಾರಂ ಕೊಟ್ಟು ಹೊಟ್ಟೆ ಕೊಯ್ದರು.

ಮೂರನೆಯ ದಿನ ಗದಗ ಕಡೆಯ ಕಾಂಪೌಂಡರನೊಬ್ಬ ಮಂಚದ ಪಕ್ಕ ನಿಂತು ನಡೆದದ್ದನ್ನು ತಿಳಿಸಿ ಹೇಳಿದ.

"ಕರುಳಿನ ಸಂದಿನಾಗ ಬೆರಳಿನಂಥಾದ್ದು ಒಂದು ಇರ್ತೈತಿ. ಅದಕ್ಕ ಅಪೆಂಡಿಕ್ಸ ಅಂತಾರ. ಅದು ಇದ್ದರೂ ನಡೀತೈತಿ, ಇಲ್ಲದಿದ್ದರೂ ನಡೀತೈತಿ. ಬಾತು ಕೀವು ತುಂಬಿದ್ರ ಮಾತ್ರ ಜೀವ ತಗೋತೈತಿ. ನಿನ್ನದು ಇನ್ನೊಂದು ದಿನ ಬಿಟ್ಟಿದ್ರ ಒಡೀತಿತ್ತು."

"ಇದ್ದರೂ ನಡೀತೈತಿ, ಇಲ್ಲದಿದ್ದರೂ ನಡೀತೈತಿ ಅಂದ್ರ ಅಲ್ಲಾ ಅದನ್ನ ಯಾಕ ಇಟ್ಟಾನ್ರಿ?"

"ನಿನ್ನಂಥಾವ್ರು ಒಮ್ಮೆ ದವಾಖಾನಿ ನೋಡಲಿ ಅಂತ."

ದಿನಾ ಮುಂಜಾನೆ ಡಾಕ್ಟರು ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು. ಕಾಂಪೌಂಡರ ಅದನ್ನು ಕನ್ನಡ ಮಾಡಿ, ಹನ್ನೆರಡು ಮಂಚಕ್ಕೂ ಕೇಳುವ ಹಾಗೆ, "ಗಾಳಿ ಹೋತೇನು?" ಎನ್ನುತ್ತಿದ್ದ. ಕರುಳು ಮತ್ತೆ ಕೆಲಸಕ್ಕೆ ನಿಂತಿತೆಂದು ತಿಳಿಯಲು ಅದೇ ಗುರುತಂತೆ. ಅದಾಗುವವರೆಗೆ ಊಟವಿಲ್ಲ. ನಾಲ್ಕನೆಯ ದಿನ ಅದು ಆದಾಗ ಪರಿಚಯವೇ ಇಲ್ಲದ ಹನ್ನೊಂದು ಮಂದಿ ರೋಗಿಗಳು ಅವನಿಗೆ ಶಾಬಾಸ ಎಂದರು. ಅಷ್ಟು ಜನ ಒಟ್ಟಿಗೆ ತನ್ನನ್ನು ಹೊಗಳಿದ್ದನ್ನು ಮುರ್ತುಜಸಾಬ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಬಿಡುಗಡೆಯ ದಿನ ಕಾಂಪೌಂಡರ ಮೂರು ಸಲ ಅದೇ ಪಾಠ ಹೇಳಿದ. ಎರಡು ತಿಂಗಳು ಭಾರ ಎತ್ತಬಾರದು. ಕೆಮ್ಮುವಾಗ, ಸೀನುವಾಗ, ನಗುವಾಗ ಗಾಯದ ಮೇಲೆ ಅಂಗೈ ಒತ್ತಿ ಹಿಡಿಯಬೇಕು. ಮಂಚ ಹಿಡಿದು ಮಲಗಬಾರದು, ದಿನಾ ಒಂದಿಷ್ಟು ಅಡ್ಡಾಡಬೇಕು. ಗಾಯ ಕೆಂಪಾಗಿ ಕಾವೇರಿದರೆ, ಕೀವು ಸೋರಿದರೆ, ಜ್ವರ ಬಂದರೆ ದವಾಖಾನೆಗೆ ಓಡಿ ಬರಬೇಕು. ಮತ್ತೆ ಯಾರಿಗಾದರೂ ಇಂಥ ನೋವು ಬಂದರೆ ಹರಳೆಣ್ಣೆ ಕುಡಿಸಬಾರದು, ಕುಡಿಸಿದರೆ ಒಳಗೆ ಒಡೆಯುತ್ತದೆ. ಕೊನೆಗೆ ಅವನಿಗೆ ಧೈರ್ಯವಾಗಲೆಂದು, "ಹೋದ ವರ್ಷ ವಿಲಾಯತಿ ಬಾದಶಹಾರಿಗೂ ಇದೇ ಬ್ಯಾನಿ ಬಂದು ಹೊಟ್ಟಿ ಕೊಯ್ದಿದ್ರು" ಎಂದೂ ಹೇಳಿದ. ಇಡೀ ಪಾಠದಲ್ಲಿ ಮುರ್ತುಜಸಾಬನ ತಲೆಗೆ ಮೊದಲು ಹತ್ತಿದ್ದು ಈ ಕೊನೆಯ ಮಾತು.

ಶೀಶೆಯ ಸಂಗತಿ ಅವನ ಅಕ್ಕ ಲಾಡಬಿಯದು. ಅವಳೂ ಮದುವೆಗೆ ಬಂದಿದ್ದಳು. ಡಾಕ್ಟರ ಮುಂದೆ ನೆಟ್ಟಗೆ ನಿಂತು, "ನನ್ನ ತಮ್ಮನ ಹೊಟ್ಟ್ಯಾಗಿಂದ ತಗದದ್ದು ಎಲ್ಲೈತಿ? ಕೊಡ್ರಿ. ಕಯಾಮತ್ತಿನ ದಿನ ಗೋರಿಯಿಂದ ಏಳುವಾಗ ಆ ತುಣುಕನ್ನ ಇಂವ ಎಲ್ಲಿ ಹುಡುಕ್ಯಾಡಬೇಕು?" ಎಂದು ಕೇಳಿದಳು. ಡಾಕ್ಟರಿಗೆ ಏನು ಅರ್ಥವಾಯಿತೋ, ಅದನ್ನು ಔಷಧದ ನೀರಿನಲ್ಲಿ ಹಾಕಿ ಶೀಶೆಯಲ್ಲಿ ಕೊಟ್ಟರು, ಜೊತೆಗೆ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿಯನ್ನೂ ಕೊಟ್ಟರು. ಮುರ್ತುಜಸಾಬ ಎರಡೂ ಒಂದೇ ಕಡೆ ಇರಲೆಂದು ಚೀಟಿಯನ್ನು ಶೀಶೆಗೆ ಸುತ್ತಿ ದಾರ ಕಟ್ಟಿದ. ರೈಲಿನಲ್ಲಿ ಬಾಗಲಕೋಟೆಯವರೆಗೆ ಏನೂ ಆಗಲಿಲ್ಲ. ಅಲ್ಲಿಂದ ಕಮತಗಿಯವರೆಗೆ ಎತ್ತಿನ ಗಾಡಿ. ಗಾಡಿ ಕುಲುಕಿದಾಗಲೆಲ್ಲ ಮುರ್ತುಜಸಾಬ ಒಂದು ಕೈಯಿಂದ ಹೊಟ್ಟೆ, ಇನ್ನೊಂದು ಕೈಯಿಂದ ಶೀಶೆ ಹಿಡಿದುಕೊಂಡ. ಹೊಟ್ಟೆ ಉಳಿಯಿತು. ಶೀಶೆಯ ಬೂಚು ಸಡಿಲಾಗಿ ನೀರು ಸೋರಿ, ಚೀಟಿಯ ಅಕ್ಷರವೆಲ್ಲ ಸೇರಿ ಒಂದು ನೀಲಿ ಕಲೆಯಾಯಿತು.

ಮರುದಿನ ಮುಂಜಾನೆ ಲಾಡಬಿ ಮುಲ್ಲಾ ಮಲೀಕಸಾಬರನ್ನು ಕರೆಸಿದಳು. ಅವರು ಶೀಶೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದಕ್ಕ ನಮಾಜ ಬೇಕಾಗಿಲ್ಲ. ಬಿಳಿ ಅರಿವ್ಯಾಗ ಸುತ್ತಿ, ಮರ್ಯಾದಿಯಿಂದ ಮಣ್ಣಿಗೆ ಇಡ್ರಿ, ಸಾಕು" ಎಂದರು. ಶೀಶೆಯ ಸಮೇತ ಇಡಲೇ ಎಂದು ಮುರ್ತುಜಸಾಬ ಕೇಳಿದ್ದಕ್ಕೆ ಲಾಡಬಿ, "ಶೀಶಾದಾಗ ಯಾರನ್ನರ ಮಣ್ಣ ಮಾಡ್ತಾರೇನೋ?" ಎಂದು ಗದರಿದಳು. ಖಬರಸ್ತಾನದ ಅಬ್ದುಲಸಾಬ ಗೇಣುದ್ದದ ಕುಣಿ ತೋಡಿದ. ಮುಲ್ಲಾ, ಅಬ್ದುಲಸಾಬ, ಮುರ್ತುಜಸಾಬ, ಮೂವರೂ ತಲೆ ಬಾಗಿಸಿ ನಿಂತು ಕೆಲಸ ಮುಗಿಸಿದರು.

ತಿರುಗಿ ಬರುವಾಗ ಓಣಿಯ ಮೂಲೆಯಲ್ಲಿ ಗಾಣದ ರೇಣವ್ವ ಎಣ್ಣೆಯ ಕೊಡ ಹಿಡಿದು ನಿಂತಿದ್ದಳು. ತೊಳೆದ ಬಟ್ಟೆ ಹಾಕಿಕೊಂಡು, ಮಣ್ಣಾದ ಕೈಯಲ್ಲಿ, ಖಬರಸ್ತಾನದ ಕಡೆಯಿಂದ ಬರುವವನನ್ನು ಮಾತಾಡಿಸದೆ ಬಿಡುವ ಹೆಂಗಸಲ್ಲ ಅವಳು.

"ಮುರ್ತುಜಣ್ಣ, ಯಾರನ್ನ ಮಣ್ಣ ಮಾಡಿ ಬಂದಿ?"

ಜೋರಾಗಿ ಮಾತಾಡಿದರೆ ಹೊಲಿಗೆ ಎಳೆಯುತ್ತಿತ್ತು. ಅವನು ಸಣ್ಣ ದನಿಯಲ್ಲಿ, "ಅಪ್ಪಂಡೀಸ" ಎಂದ.

"ಯಾವ ಅಪ್ಪಂಡೀಸಾಬ? ನಾ ಒಮ್ಮೆನೂ ನೋಡಿಲ್ಲಲ್ಲ?"

"ನಾನೂ ನೋಡಿದ್ದಿಲ್ಲವ್ವ, ಇನ್ನ ನೀ ಎಲ್ಲಿ ನೋಡ್ತಿ! ಹುಟ್ಟಿದಾಗಿಂದ ನನ್ನ ಜೋಡಿನ ಇತ್ತು. ಒಂದು ದಿನ ತ್ರಾಸ ಕೊಟ್ಟಿದ್ದಿಲ್ಲ."

"ಏನಾಗಿತ್ತು?"

"ಬಾತಿತ್ತು. ಇನ್ನೊಂದು ದಿನ ಬಿಟ್ಟಿದ್ರ ಒಡೀತಿತ್ತಂತ."

"ಎಲ್ಲಿ ಬಾತಿತ್ತು?"

ಮುರ್ತುಜಸಾಬ ಬಲತೊಡೆಯ ಸಂದಿಗಿಂತ ಸ್ವಲ್ಪ ಮೇಲೆ ಅಂಗೈ ಇಟ್ಟು ತೋರಿಸಿದ.

"ಜ್ವರಾ?"

"ಕೆಂಡ ಆಗಿತ್ತು ಮೈ."

"ಎಲ್ಲಿಂದ ಬಂತು ಇದು?"

"ಸೊಲ್ಲಾಪುರದಿಂದ ತಂದೇನಿ."

ಒಂದು ಮಾತೂ ಸುಳ್ಳಲ್ಲ. ರೇಣವ್ವ ಮೂರು ಹೆಜ್ಜೆ ಹಿಂದೆ ಸರಿದಳು. ಸಂದಿಯಲ್ಲಿ ಗಡ್ಡೆ, ಮೈಯಲ್ಲಿ ಜ್ವರ ಎಂದರೆ ಪ್ಲೇಗು, ಮತ್ತು ಸೊಲ್ಲಾಪುರದ ಪ್ಲೇಗಿನ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಕೊಡ ಅಲ್ಲೇ ಇಟ್ಟು ಅವಳು ನೇರ ಕುಲಕರ್ಣಿಯವರ ಮನೆಗೆ ಹೋಗಿ, ಪಿಂಜಾರರ ಮನೆಯಲ್ಲಿ ಅಪ್ಪಂಡೀಸಾಬನೆಂಬುವನು ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದು ಸತ್ತಿದ್ದಾನೆಂದೂ, ಯಾರಿಗೂ ಹೇಳದೆ ಮಣ್ಣು ಮಾಡಿದರೆಂದೂ ತಿಳಿಸಿದಳು.

ಕುಲಕರ್ಣಿ ಅನಂತರಾಯರು ಇಪ್ಪತ್ತನಾಲ್ಕು ವರ್ಷದಿಂದ ಊರಿನ ಹುಟ್ಟು ಸಾವಿನ ದಫ್ತರ ಇಟ್ಟವರು. ಎಣಿಕೆಯಲ್ಲಿ ಒಂದು ಸಲವೂ ತಪ್ಪಿದವರಲ್ಲ. ಅವರು ದಫ್ತರವನ್ನೆಲ್ಲ ಹರವಿಕೊಂಡು ಕುಳಿತರು. ಅಪ್ಪಂಡೀಸಾಬನೆಂಬ ಮನುಷ್ಯ ಕಮತಗಿಯಲ್ಲಿ ಹುಟ್ಟಿರಲಿಲ್ಲ. ಸರಕಾರ ತಲೆ ಎಣಿಸಿ ಬರೆಸಿದ ಖಾನೇಸುಮಾರಿಯಲ್ಲಿ ಅವನ ಹೆಸರಿರಲಿಲ್ಲ. ಹುಟ್ಟದೆ, ಬದುಕದೆ, ನೇರವಾಗಿ ಸತ್ತುಹೋದವನನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂಬ ಅಪ್ಪಣೆ ಸರಕಾರದಿಂದ ಬಂದಿರಲಿಲ್ಲ.

"ಅನಸೂಯಾ, ಇದು ನನ್ನ ನೌಕರಿಗೆ ಬರೋ ಕೆಲಸ ಅದ," ಎಂದು ಹೆಂಡತಿಗೆ ಹೇಳಿ, ಹುನಗುಂದಕ್ಕೆ ವರದಿ ಬರೆದು ಕಳಿಸಿದರು.

ಮರುದಿನವೇ ಪ್ಲೇಗಿನ ಇನ್ಸ್‌ಪೆಕ್ಟರು ಕುದುರೆ ಹತ್ತಿ, ಇಬ್ಬರು ಸಿಪಾಯಿಗಳೊಂದಿಗೆ ಬಂದರು. ಸಾವಿರ ಮಂದಿಯ ತೊಡೆಯ ಸಂದಿ ತಡವಿ ನೋಡಿದ ಮನುಷ್ಯ. ಮುರ್ತುಜಸಾಬನ ಪಂಚೆ ಸರಿಸಿದೊಡನೆ ಅವರ ಮುಖ ಗಂಭೀರವಾಯಿತು. ಬಲಗಡೆ ಕೆಂಪು ಗಾಯ, ಸುತ್ತ ಇನ್ನೂ ಇಳಿಯದ ಬಾವು.

"ಗಡ್ಡಿ ಕೊಯ್ದಾರ."

"ಗಡ್ಡಿ ಅಲ್ರಿ ಸಾಹೇಬ, ಹೊಟ್ಟಿ ಕೊಯ್ದಾರ್ರಿ."

"ಹೊಟ್ಟಿ ಕೊಯ್ದ್ರ ಮನುಷ್ಯಾ ಉಳೀತಾನೇನು?"

ನ್ಯಾಯವಾದ ಪ್ರಶ್ನೆ. ಮುರ್ತುಜಸಾಬ ತನ್ನನ್ನೇ ಒಮ್ಮೆ ನೋಡಿಕೊಂಡು, "ನಾ ಉಳದೇನಲ್ರಿ" ಎಂದ. ಇನ್ಸ್‌ಪೆಕ್ಟರು ಕಾಗದವೇನಾದರೂ ಇದೆಯೇ ಎಂದರು. ಅವನ ಹೆಂಡತಿ ಲಾಲಬಿ ನೀಲಿ ಕಲೆಯನ್ನು ತಂದು ಕೊಟ್ಟಳು. ಅವರು ಅದನ್ನು ತಿರುವಿ ಮುರುವಿ ನೋಡಿ, "ಇದು ಯಾವ ಭಾಷಾ?" ಎಂದು ಕೇಳಿದರು.

"ಅಪ್ಪಂಡೀಸಾಬ ಯಾರು?"

"ಯಾರೂ ಅಲ್ರಿ. ನನ್ನ ಹೊಟ್ಟ್ಯಾಗ ಇದ್ದದ್ದು."

ಇನ್ಸ್‌ಪೆಕ್ಟರು ಕುಲಕರ್ಣಿಯವರ ಮುಖ ನೋಡಿದರು. ಕುಲಕರ್ಣಿಯವರು ದಫ್ತರ ನೋಡಿದರು. ಕುಣಿ ತೆಗೆದು ನೋಡಬೇಕೆಂದು ತೀರ್ಮಾನವಾಯಿತು.

ಐದು ಮಂದಿ ಪಂಚರನ್ನು ಕರೆದು ಖಬರಸ್ತಾನದಲ್ಲಿ ನಿಲ್ಲಿಸಿದರು. ಊರಿನ ಅರ್ಧ ಜನ ಗೋಡೆಯಾಚೆ ನಿಂತರು. ಅಬ್ದುಲಸಾಬ ಸಲಿಕೆ ಹಿಡಿದು, "ಇಪ್ಪತ್ತು ವರ್ಷದಾಗ ಗೇಣುದ್ದದ ಕುಣಿ ತೋಡಿದ್ದು ನಿನ್ನಿನ. ತೋಡಿದ್ದನ್ನ ತಿರಗಿ ತಗಿಯೋದು ಇವತ್ತೇ ಮೊದಲ" ಎಂದು ಯಾರೂ ಕೇಳದಿದ್ದರೂ ಹೇಳಿದ. ಇಷ್ಟು ಸಣ್ಣ ಕುಣಿಯಲ್ಲಿ ಮನುಷ್ಯ ಹೇಗೆ ಹಿಡಿಸಿದ ಎಂಬ ಸಂಶಯ ಕುಲಕರ್ಣಿಯವರಿಗೆ ಆಗಲೇ ಬಂದಿತ್ತು. ಆದರೆ ಪಂಚನಾಮೆ ಶುರುವಾದ ಮೇಲೆ ನಡುವೆ ಸಂಶಯಪಡುವ ಪದ್ಧತಿ ಇರಲಿಲ್ಲ.

ಬಿಳಿ ಅರಿವೆ ಹೊರಗೆ ಬಂತು. ಸಿಪಾಯಿ ಕೋಲಿನಿಂದ ಬಿಡಿಸಿದ. ಒಳಗೆ ಬೆರಳುದ್ದದ, ಬೂದು ಬಣ್ಣದ, ಸುಕ್ಕುಗಟ್ಟಿ ಡೊಂಕಾದ ಒಂದು ಪದಾರ್ಥ. ಎಲ್ಲರೂ ಬಗ್ಗಿ ನೋಡಿದರು.

"ಇಲಿ ಬಾಲ," ಎಂದರು ಇನ್ಸ್‌ಪೆಕ್ಟರು.

"ಬಾಯಾಗ ಹುಳ ಬೀಳ್ಲಿ!" ಎಂದು ಲಾಡಬಿ ಗೋಡೆಯಾಚೆಯಿಂದ ಕೂಗಿದಳು. "ನನ್ನ ತಮ್ಮನ ಹೊಟ್ಟ್ಯಾಗಿಂದು ಅದು!"

"ನಿನ್ನ ತಮ್ಮನ ಹೊಟ್ಟ್ಯಾಗ ಇಲಿ ಬಾಲ ಇತ್ತೇನು?"

ಇಲಿ ಸತ್ತರೆ ಪ್ಲೇಗು ಬಂತೆಂದೇ ಲೆಕ್ಕ. ಸತ್ತ ಇಲಿಯ ವರದಿಯನ್ನು ಕೂಡಲೇ ಕೊಡಬೇಕೆಂದು ಊರೂರಲ್ಲಿ ಡಂಗುರ ಹೊಡೆಸಿದ್ದರು. ಇವರು ಇಲಿಯನ್ನು ಬಟ್ಟೆ ಸುತ್ತಿ, ಮುಲ್ಲಾರನ್ನು ಕರೆಸಿ ಮುಚ್ಚಿಹಾಕಿದ್ದಾರೆಂದು ಇನ್ಸ್‌ಪೆಕ್ಟರಿಗೆ ಖಾತ್ರಿಯಾಯಿತು. ಬಾಲ ಸಿಕ್ಕಿತು, ಇಲಿ ಎಲ್ಲಿ? ಸುತ್ತ ಎರಡು ಮಾರು ನೆಲ ಅಗೆಸಿದರು. ಇಲಿ ಸಿಗಲಿಲ್ಲ. ಕುಲಕರ್ಣಿಯವರು ದುಂಡಗಿನ ಅಕ್ಷರದಲ್ಲಿ, "ಬಾಲದಂಥ ಪದಾರ್ಥ ಒಂದು. ಉಳಿದ ಇಲಿ ಸಿಕ್ಕಿರುವುದಿಲ್ಲ" ಎಂದು ಬರೆದು ಪಂಚರ ಸಹಿ ಹಾಕಿಸಿದರು.

ಸಂಜೆಯೊಳಗೆ ಪಿಂಜಾರ ಓಣಿಯ ಎಂಟು ಮನೆ ಖಾಲಿಯಾದವು. ನಲವತ್ತೊಂದು ಮಂದಿ ಊರ ಹೊರಗಿನ ಬಯಲಿನಲ್ಲಿ ತಟ್ಟಿಯ ಗುಡಿಸಲು ಸೇರಿದರು. ಸುತ್ತ ಹಗ್ಗ ಕಟ್ಟಿ ಸಿಪಾಯಿಯನ್ನು ನಿಲ್ಲಿಸಿದರು. ಅವರು ಹೋದ ಮೇಲೆ, ಬಿಸಿಲು ಒಳಗೆ ಬೀಳಲೆಂದು ಮನೆಗಳ ಮಾಳಿಗೆಗೆ ತೂತು ಹಾಕಿ, ಒಳಗೆಲ್ಲ ಸುಣ್ಣ ಬಳಿದರು. ವರದಿ ಕೊಟ್ಟ ರೇಣವ್ವನನ್ನೂ ಬಿಡಲಿಲ್ಲ. ರೋಗಿಯ ಜೊತೆ ಬಹಳ ಹೊತ್ತು ಮಾತಾಡಿದ್ದೇನೆಂದು ಅವಳೇ ಒತ್ತಿ ಒತ್ತಿ ಸಾಕ್ಷಿ ಹೇಳಿದ್ದಳು.

ಗುಡಿಸಲಿನಲ್ಲಿ ಮುರ್ತುಜಸಾಬನನ್ನು ಯಾರೂ ಮಾತಾಡಿಸಲಿಲ್ಲ. ಲಾಲಬಿ ಗಂಜಿ ಕಾಯಿಸಿ ಮುಂದಿಟ್ಟು, "ಒಂದು ಮಾತು ಬಿಡಿಸಿ ಹೇಳಾಕ ಬರಂಗಿಲ್ಲಲ್ರಿ ನಿಮಗ" ಎಂದು ಅತ್ತಳು. ರೇಣವ್ವ ದಿನಕ್ಕೆ ನಾಲ್ಕು ಸಲ ಅವನ ಗುಡಿಸಲಿನ ಮುಂದೆ ನಿಂತು, ಗಾಣದ ಎತ್ತಿಗೆ ಮೇವು ಹಾಕುವವರಿಲ್ಲವೆಂದು ಬೈದು ಹೋಗುತ್ತಿದ್ದಳು. ಅವನು ಇನ್ಸ್‌ಪೆಕ್ಟರ ಮುಂದೆ ಕೈ ಮುಗಿದು, "ನಾ ಒಬ್ಬನ ಇರ್ತೇನ್ರಿ ಸಾಹೇಬ, ವರ್ಷ ಬೇಕಾರ ಇರ್ತೇನಿ. ಇವರನ್ನ ಬಿಡ್ರಿ" ಎಂದು ಬೇಡಿಕೊಂಡ. ಅವರು ಕೇಳಲಿಲ್ಲ. ಕಾಂಪೌಂಡರನ ಪಾಠದಂತೆ ಅವನು ದಿನಾ ಮುಂಜಾನೆ ಸಂಜೆ ಹಗ್ಗದ ಅಂಚಿನಲ್ಲಿ, ಗಾಯದ ಮೇಲೆ ಕೈ ಇಟ್ಟುಕೊಂಡು, ಸುತ್ತು ಹಾಕುತ್ತಿದ್ದ. ಅವನು ಹತ್ತಿರ ಬಂದಾಗ ಜನ ಗುಡಿಸಲೊಳಗೆ ಹೋಗುತ್ತಿದ್ದರು.

ಐದನೆಯ ದಿನ ಕುಲಕರ್ಣಿ ಅನಂತರಾಯರು ಎಂದಿನಂತೆ ತಲೆ ಎಣಿಸಲು ಬಂದರು. ಹಗ್ಗದಾಚೆ ನಿಂತು ಹತ್ತೊಂಬತ್ತರವರೆಗೆ ಎಣಿಸಿ ನಿಲ್ಲಿಸಿದರು. ಮತ್ತೆ ಒಂದರಿಂದ ಶುರುಮಾಡಿ ಹನ್ನೊಂದಕ್ಕೆ ತಪ್ಪಿದರು. ಆಮೇಲೆ ಬೇವಿನ ಮರದ ಬುಡದ ಕಲ್ಲಿನ ಮೇಲೆ ಬಾಗಿ ಕುಳಿತುಬಿಟ್ಟರು. ಅವರ ಹಿಂದೆಯೇ ಹೆಂಡತಿ ಅನಸೂಯಾಬಾಯಿ ಕಂಚಿನ ಬಟ್ಟಲಿನಲ್ಲಿ ಹರಳೆಣ್ಣೆ ಹಿಡಿದು ಬಂದರು.

"ನಿನ್ನಿಯಿಂದ ಹೊಟ್ಟಿನೋವು ಅಂತೀರಿ, ಮುಂಜಾನಿ ವಾಂತಿ ಆಗ್ಯದ. ಇದನ್ನ ಕುಡದ್ರ ಎಲ್ಲಾ ತೊಳದು ಹೋಗ್ತದ. ತಗೋರಿ."

ಮುರ್ತುಜಸಾಬ ಹಗ್ಗದ ಈಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಕುಲಕರ್ಣಿಯವರು ಬಾಗಿದ ರೀತಿ ನೋಡಿದ. ಆ ಬಾಗು ಅವನಿಗೆ ಗೊತ್ತಿತ್ತು.

"ರಾಯರ! ನಿನ್ನಿ ಹೊಕ್ಕಳ ಸುತ್ತ ಇತ್ತೇನ್ರಿ ನೋವು?"

ಅವರು ತಲೆ ಎತ್ತಿದರು. "ಹೌದು. ಯಾಕ?"

"ಇವತ್ತ ಬಲಕ್ಕ ಇಳದೈತೇನ್ರಿ?"

"ನಿನಗ್ಯಾರು ಹೇಳಿದ್ರು?"

"ಬಾಯಾರ, ಎಣ್ಣಿ ಕುಡಿಸಬ್ಯಾಡ್ರಿ! ನಿಮ್ಮ ಕಾಲ ಬೀಳ್ತೇನಿ, ಬಟ್ಟಲ ಕೆಳಗಿಡ್ರಿ! ಒಳಗ ಒಡೀತೈತ್ರಿ!"

ಅವನು ಎಂದೂ ಹಾಗೆ ಕೂಗಿದವನಲ್ಲ. ಬಟ್ಟಲು ಹಿಡಿದ ಅನಸೂಯಾಬಾಯಿಯವರ ಕೈ ಗಂಡನ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಕೂಗಿದ ರಭಸಕ್ಕೆ ಮುರ್ತುಜಸಾಬನೂ ಹೊಟ್ಟೆ ಹಿಡಿದು ಬಾಗಿದ. ಹಗ್ಗದ ಆಚೆಗೊಬ್ಬರು, ಈಚೆಗೊಬ್ಬರು, ಇಬ್ಬರೂ ಒಂದೇ ರೀತಿ ಬಾಗಿ ಒಬ್ಬರನ್ನೊಬ್ಬರು ನೋಡಿದರು.

"ರಾಯರ, ನೋವಿದ್ದಲ್ಲೆ ಅಂಗೈಲೆ ಸಾವಕಾಶ ಒತ್ರಿ. ಒತ್ತಿದ್ರಿ? ಈಗ ಒಮ್ಮೆಲೆ ಬಿಡ್ರಿ."

ರಾಯರು ಬಿಟ್ಟರು. ಅವರ ಕೂಗಿಗೆ ಸಿಪಾಯಿಯ ಕೈಯ ಕೋಲು ಬಿತ್ತು.

"ಒತ್ತಿದಾಗಿನಕಿಂತ ಬಿಟ್ಟಾಗ ಹೆಚ್ಚಲ್ರಿ? ಅಪ್ಪಂಡೀಸ್ರಿ ಇದು! ನನಗ ಬಂದಿದ್ದ ಇದೇ!"

ಈ ಮಾತು ಮುಗಿಯುವುದರೊಳಗೆ ಇನ್ಸ್‌ಪೆಕ್ಟರು ಬಂದರು. ಪಿಂಜಾರನಿಗೆ ಬಂದದ್ದೇ ಕುಲಕರ್ಣಿಗೆ ಬಂತೆಂಬುದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ತಮ್ಮ ಅನುಮಾನವೇ ನಿಜವಾಯಿತೆಂದು ಅವರು ಸಿಪಾಯಿಗೆ, "ಇವರನ್ನೂ ಹಗ್ಗದ ಒಳಗ ಹಾಕು" ಎಂದರು.

ಅನಸೂಯಾಬಾಯಿ ಗಂಡನ ಮುಂದೆ ಅಡ್ಡ ನಿಂತರು. ಜನವೆಲ್ಲ ಗುಡಿಸಲುಗಳಿಂದ ಹೊರಗೆ ಬಂತು.

"ಹಾಕ್ರಿ ಸಾಹೇಬ, ಬ್ಯಾಡ ಅನ್ನಂಗಿಲ್ಲ," ಎಂದ ಮುರ್ತುಜಸಾಬ. "ಮೊದಲ ಗಡ್ಡಿ ಎಲ್ಲೈತಿ ಹುಡುಕ್ರಿ. ಸಿಕ್ಕ್ರ ಹಾಕ್ರಿ. ಸಿಗಲಿಲ್ಲಂದ್ರ ಇವತ್ತ ಬಾಗಲಕೋಟಿಗೆ ಒಯ್ರಿ. ನಾಳೆ ಅಂದ್ರ ಆಗಂಗಿಲ್ರಿ, ರಾಯರು ಉಳಿಯಂಗಿಲ್ಲ."

ಇನ್ಸ್‌ಪೆಕ್ಟರು ಹುಡುಕಿದರು. ಬಲ ಸಂದಿ, ಎಡ ಸಂದಿ, ಕಂಕುಳು, ಕುತ್ತಿಗೆ. ಸಾವಿರ ಮಂದಿಯನ್ನು ನೋಡಿದ ಕೈಗೆ ಗಡ್ಡೆ ಇದ್ದರೆ ತಿಳಿಯುತ್ತದೆ, ಇಲ್ಲದಿದ್ದರೂ ತಿಳಿಯುತ್ತದೆ. ಅವರು ಎದ್ದು ನಿಂತು, ಸ್ವಲ್ಪ ಸಣ್ಣ ದನಿಯಲ್ಲಿ, "ಗಡ್ಡಿ ಇಲ್ಲ" ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ, ಗಾಡಿ ಕಟ್ಟಲು ಹೇಳಿದರು.

ಇನ್ನು ಒಪ್ಪಬೇಕಾದವರು ಅನಂತರಾಯರು.

"ಹೊಟ್ಟಿ ಕೊಯ್ಸಿಕೊಳ್ಳೋದೇನು? ನಾನು? ನಮ್ಮ ಮನೆತನದಾಗ ಯಾರೂ ಕೊಯ್ಸಿಕೊಂಡಿಲ್ಲ."

"ವಿಲಾಯತಿ ಬಾದಶಹಾರೂ ಇದೇ ಬ್ಯಾನಿಗೆ ಕೊಯ್ಸಿಕೊಂಡಾರಂತ್ರಿ."

ರಾಯರು ನೋವಿನಲ್ಲಿಯೂ ಕಣ್ಣು ತೆರೆದರು. "ಖರೇನ?"

"ಕಾಂಪೌಂಡರ ಹೇಳ್ಯಾನ್ರಿ."

"ಸರಕಾರದಾಗ ನಡದದ್ದಿದ್ರ…" ಎಂದು ಹೇಳಿ, ಅವರು ಗಾಡಿಯ ಕಡೆ ಕೈ ತೋರಿಸಿದರು.

ಗಾಡಿಯಲ್ಲಿ ಬರೀ ಹಲಗೆ. ಮುರ್ತುಜಸಾಬ ತನ್ನ ಗುಡಿಸಲಿನ ಗಾದಿಯನ್ನು ಎತ್ತಲು ಹೋದ. ರೇಣವ್ವ ಅವನ ಕೈ ತಳ್ಳಿ, "ನೀ ಭಾರ ಎತ್ತಬಾರದಂತಲ್ಲೋ, ಸರಿ" ಎಂದು ಲಾಲಬಿಯ ಜೊತೆ ತಾನೇ ಹೊತ್ತು ಹಗ್ಗ ದಾಟಿಸಿದಳು. ಗಾದಿಯ ಮೇಲೆ ರಾಯರನ್ನು ಮಲಗಿಸಿದರು. ಅನಸೂಯಾಬಾಯಿ ತಲೆಯ ಹತ್ತಿರ ಕುಳಿತರು. ಇನ್ಸ್‌ಪೆಕ್ಟರು ಕುದುರೆಯ ಮೇಲೆ ಹಿಂದೆ ಹೊರಟರು. ಗಾಡಿ ಸಾಗಿದ ಹಾಗೆ ಮುರ್ತುಜಸಾಬ ಹಗ್ಗದುದ್ದಕ್ಕೂ ನಡೆಯುತ್ತ ಕೂಗಿ ಹೇಳಿದ.

"ದಾರ್ಯಾಗ ಏನೂ ತಿನ್ನಬ್ಯಾಡ್ರಿ ರಾಯರ! ಅಲ್ಲೆ ಮೂಗಿಗೆ ಔಷಧ ಹಿಡದು ಎಣಸಾಕ ಹೇಳ್ತಾರ, ಲೆಕ್ಕ ತಪ್ಪಿದ್ರ ಅಂಜಬ್ಯಾಡ್ರಿ, ಎಲ್ಲಾರದೂ ತಪ್ಪತೈತಿ! ಆಮ್ಯಾಲೆ ಗಾಳಿ ಹೋತೇನು ಅಂತ ಕೇಳ್ತಾರ, ನಾಚಬ್ಯಾಡ್ರಿ!"

ಆ ಕಾಲಕ್ಕೆ ಒಬ್ಬ ಪಿಂಜಾರ ಒಬ್ಬ ಕುಲಕರ್ಣಿಗೆ ಹಾಡಹಗಲು ಇಷ್ಟು ಉಪದೇಶ ಮಾಡಿದ್ದು ಹುನಗುಂದ ತಾಲೂಕಿನಲ್ಲಿ ಬೇರೆ ಎಲ್ಲಿಯೂ ನಡೆದಿರಲಾರದು.

ಮರುದಿನ ಮಧ್ಯಾಹ್ನ ಇನ್ಸ್‌ಪೆಕ್ಟರು ಒಬ್ಬರೇ ತಿರುಗಿ ಬಂದರು. ಬಾಗಲಕೋಟೆಯ ಡಾಕ್ಟರು ರಾಯರ ಹೊಟ್ಟೆ ಮುಟ್ಟಿದವರೇ ರೈಲು ಹತ್ತಿಸಿ ಸೊಲ್ಲಾಪುರಕ್ಕೆ ಕಳಿಸಿದ್ದರು. ಮುರ್ತುಜಸಾಬನ ವಿಷಯ ಕೇಳಿ, ಗಾಯದಲ್ಲಿ ಹೊಲಿಗೆಯ ಗುರುತುಗಳಿವೆಯೇ ನೋಡಿ ಎಂದಿದ್ದರು. ಪ್ಲೇಗಿನ ಗಡ್ಡೆ ಕೊಯ್ದರೆ ಹೊಲಿಯುವುದಿಲ್ಲವಂತೆ. ಇನ್ಸ್‌ಪೆಕ್ಟರು ಮುರ್ತುಜಸಾಬನ ಪಂಚೆ ಮತ್ತೊಮ್ಮೆ ಸರಿಸಿ ಬೆರಳಿಟ್ಟು ಎಣಿಸಿದರು. ಏಳು. ಸಿಪಾಯಿಗೆ ಹಗ್ಗ ಬಿಚ್ಚಲು ಕೈ ಮಾಡಿ, ಮುರ್ತುಜಸಾಬನ ಪಂಚೆಯನ್ನು ತಾವೇ ಸರಿಯಾಗಿ ಉಡಿಸಿ, ಕುದುರೆ ಹತ್ತಿ ಹೋದರು.

ಜನ ತೂತು ಬಿದ್ದ ಮಾಳಿಗೆಯ ಕೆಳಗೆ ಮತ್ತೆ ಒಲೆ ಹೂಡಿದರು. ಆದರೆ ಮುರ್ತುಜಸಾಬನಿಗೆ ನಿಜವಾದ ಪರೀಕ್ಷೆ ಶುರುವಾದದ್ದು ಆಮೇಲೆ. ಎಂಟು ದಿನ ಸೊಲ್ಲಾಪುರದಿಂದ ಸುದ್ದಿಯಿಲ್ಲ. ಬಾವಿಯ ಕಟ್ಟೆಯಲ್ಲಿ, ಚಾವಡಿಯಲ್ಲಿ ಒಂದೇ ಮಾತು. ಬ್ರಾಹ್ಮಣನ ಹೊಟ್ಟೆ ಕೊಯ್ಯಲು ಕಳಿಸಿದವನು ಪಿಂಜಾರ. ಹರಳೆಣ್ಣೆ ಕುಡಿದಿದ್ದರೆ ಇಷ್ಟರಲ್ಲಿ ಎದ್ದು ಕೂತಿರುತ್ತಿದ್ದರು. ರಾಯರಿಗೆ ಏನಾದರೂ ಆದರೆ ಇವನು ಊರಲ್ಲಿ ಹೇಗಿರುತ್ತಾನೆ? ಮುರ್ತುಜಸಾಬ ಅನ್ನ ಬಿಟ್ಟ. ಮೊರದಲ್ಲಿ ಅರಳೆ ಇಟ್ಟುಕೊಂಡು ಬೆರಳಿನಿಂದ ಬಿಡಿಸುತ್ತ ಕುಳಿತಿರುತ್ತಿದ್ದ. ಅರಳೆ ಹಿಂಜುವ ಬಿಲ್ಲು ಭಾರ, ಎತ್ತುವ ಹಾಗಿರಲಿಲ್ಲ.

"ಕಾಂಪೌಂಡರ ಹೇಳಿದ್ದು ನನಗ ಬರೋಬ್ಬರಿ ನೆನಪೈತೋ ಇಲ್ಲೋ, ಲಾಲಬಿ?" ಎಂದು ಹೆಂಡತಿಯನ್ನು ಕೇಳಿದ. "ಹರಳೆಣ್ಣಿ ಕುಡಿಸಬ್ಯಾಡ ಅಂದಿದ್ನೋ, ಕುಡಸು ಅಂದಿದ್ನೋ?"

"ಬ್ಯಾಡ ಅಂದಿದ್ದ. ನಾ ಅಲ್ಲೇ ಇದ್ನಿ. ಮೂರ ಸಲ ಅಂದ."

ಅವನು ಅವಳಿಂದ ಅದನ್ನು ದಿನಕ್ಕೆ ಹತ್ತು ಸಲ ಹೇಳಿಸಿದ.

ಒಂಬತ್ತನೆಯ ದಿನ ಶಾಲೆಯ ದತ್ತಾತ್ರೇಯ ಮಾಸ್ತರರಿಗೆ ಅನಸೂಯಾಬಾಯಿಯವರಿಂದ ಕಾರ್ಡು ಬಂತು. ಮಾಸ್ತರರು ಶಾಲೆ ಬಿಟ್ಟು ಚಾವಡಿಗೆ ಬಂದು ಎಲ್ಲರ ಮುಂದೆ ಓದಿದರು. "ತೆಗೆಯುವ ಹೊತ್ತಿಗೆ ಒಡೆಯುವ ಹಾಗಾಗಿತ್ತಂತೆ. ಎರಡು ತಾಸು ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದರು. ಈಗ ಅಪಾಯವಿಲ್ಲ. ಮುರ್ತುಜಸಾಬನಿಗೆ ತಿಳಿಸಿರಿ." ಕೊನೆಯ ಸಾಲನ್ನು ಮಾಸ್ತರರು ಎರಡು ಸಲ ಓದಿದರು. ಗುಂಪಿನ ಹಿಂದೆ ನಿಂತಿದ್ದ ಮುರ್ತುಜಸಾಬ ಅಲ್ಲಿಯೇ ನೆಲಕ್ಕೆ ಕುಳಿತ. ರೇಣವ್ವ ಮನೆಗೆ ಹೋಗಿ ಒಂದು ತಂಬಿಗೆ ಎಣ್ಣೆ ತಂದು ಲಾಲಬಿಯ ಕೈಯಲ್ಲಿಟ್ಟು, ಒಂದು ಮಾತೂ ಆಡದೆ ಹೋದಳು. ಅವಳು ಮಾತಿಲ್ಲದೆ ಹೋದದ್ದನ್ನು ಓಣಿಯವರು ಎದ್ದು ನಿಂತು ನೋಡಿದರು.

ಮೂರು ವಾರದ ಮೇಲೆ ರಾಯರು ಊರಿಗೆ ಬಂದರು. ಬಂದವರು ಮಂಚ ಹತ್ತಿದರು. ಬಾದಾಮಿಯಿಂದ, ಕಲಾದಗಿಯಿಂದ ಬಂದ ನೆಂಟರೆಲ್ಲ, ಹೊಟ್ಟೆ ಹೊಲಿದ ಮನುಷ್ಯ ಎದ್ದರೆ ಹೊಲಿಗೆ ಬಿಚ್ಚಿ ಕರುಳು ಕೆಳಗೆ ಬೀಳುತ್ತದೆಂದು ಹೆದರಿಸಿದರು. ಹತ್ತು ದಿನದಲ್ಲಿ ಅವರ ಕಾಲು ಸೊರಗಿದವು. ಅನಸೂಯಾಬಾಯಿ ಯಾರನ್ನೂ ಕೇಳದೆ ಮುರ್ತುಜಸಾಬನಿಗೆ ಹೇಳಿ ಕಳಿಸಿದರು.

ಅವನು ಬಂದು ಅಂಗಳದಲ್ಲಿ ನಿಂತ. ಪಡಸಾಲೆಯಲ್ಲಿ ರಾಯರು, ಸುತ್ತ ನೆಂಟರು.

"ಏಳ್ರಿ ರಾಯರ."

ನೆಂಟರೆಲ್ಲ ಒಟ್ಟಿಗೆ ಬೈಯಲು ಬಾಯಿ ತೆರೆದರು. ರಾಯರು ಕೈ ಎತ್ತಿ ಅವರನ್ನು ತಡೆದರು.

"ಕರುಳು ಬೀಳಂಗಿಲ್ಲೇನೋ?"

"ನಂದೇನರ ಬಿದ್ದೈತೇನ್ರಿ, ನೋಡ್ರಿ. ಬಲಗೈ ಗಾಯದ ಮ್ಯಾಲೆ ಇಡ್ರಿ. ಎಡಮಗ್ಗಲ ಹೊರಳ್ರಿ. ಈಗ ಎಡಗೈ ಊರ್ರಿ, ಕಾಲ ಕೆಳಗ ಬಿಡ್ರಿ. ಅವಸರ ಬ್ಯಾಡ್ರಿ, ಸರಕಾರಿ ಕೆಲಸ ಅಲ್ಲ ಇದು."

ರಾಯರು ಎದ್ದು ನಿಂತರು. ಕರುಳು ಬೀಳಲಿಲ್ಲ.

ಮೊದಲ ದಿನ ಅಂಗಳದವರೆಗೆ ನಡೆದರು, ಮೂರನೆಯ ದಿನ ಚಾವಡಿಯವರೆಗೆ. ಎರಡು ವಾರದಲ್ಲಿ ಇಬ್ಬರೂ ಹುನಗುಂದದ ರಸ್ತೆ ಹಿಡಿದು ಊರಾಚೆಯ ಹಳ್ಳದವರೆಗೆ ಹೋಗತೊಡಗಿದರು. ಕುಲಕರ್ಣಿಯವರು ರುಮಾಲು ಸುತ್ತಿ, ಕೋಟು ಹಾಕಿ ಮುಂದೆ. ಎರಡು ಹೆಜ್ಜೆ ಹಿಂದೆ ಪಿಂಜಾರ. ನಾಲ್ಕೈದು ದಿನಕ್ಕೆ ಆ ಎರಡು ಹೆಜ್ಜೆ ಒಂದಾಯಿತು. ಆಮೇಲೆ ಅದೂ ಹೋಯಿತು. ಒಬ್ಬರ ಗಾಯ ತುರಿಸಿದರೆ ಇನ್ನೊಬ್ಬರು ಅದು ಮಾಯುವ ಲಕ್ಷಣವೆಂದು ಹೇಳುತ್ತಿದ್ದರು.

ಒಂದು ಸಂಜೆ ಐಹೊಳೆ ಕಡೆಯ ಗಾಡಿಯವನೊಬ್ಬ ಜೋಳದ ಕಣಿಕೆ ಹೇರಿಕೊಂಡು ಎದುರಿಗೆ ಬಂದ. ರಸ್ತೆಯ ನಡುವೆ ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇಬ್ಬರೂ ಬಲಕ್ಕೆ ತುಸು ವಾಲಿ, ಬಲಗೈಯನ್ನು ಹೊಟ್ಟೆಯ ಒಂದೇ ಜಾಗದಲ್ಲಿ ಒತ್ತಿ ಹಿಡಿದು, ಸಣ್ಣ ಸಣ್ಣ ಹೆಜ್ಜೆ ಇಡುತ್ತ, ಬಹಳ ಗಂಭೀರವಾಗಿ ನಡೆದು ಬರುತ್ತಿದ್ದರು. ಗಾಡಿಯವ ಎತ್ತು ನಿಲ್ಲಿಸಿ, ಕೆಳಗಿಳಿದು, ತನ್ನದೂ ಒಂದು ಇರಲಿ ಎಂದು ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ತಲೆ ಬಾಗಿಸಿದ.

"ತಪ್ಪ ತಿಳೀಬ್ಯಾಡ್ರಿ ಅಪ್ಪಾರ. ಇದು ಯಾವ ಕಡೆ ಪದ್ಧತಿರಿ?"

ಮುರ್ತುಜಸಾಬ ರಾಯರ ಮುಖ ನೋಡಿದ. ರಾಯರು ಕೈ ತೆಗೆಯಲಿಲ್ಲ, ನಿಲ್ಲಲೂ ಇಲ್ಲ.

"ಸೊಲ್ಲಾಪುರದ್ದು," ಎಂದರು.